ಕಾಶಪ್ಪನ ಕೈಗುಣ

ಉಗುರಿನ ಸಂದಿಯಲ್ಲಿ ಕೂತ ಬಿಳಿ ಸಿಮೆಂಟು ಹೋಗಲೊಲ್ಲದು. ಸುಮಂಗಲಾ ತಾಯಿಯ ಬಲಗೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು, ತೆಂಗಿನ ನಾರಿನಿಂದ ಒಂದೊಂದೇ ಬೆರಳನ್ನು ಉಜ್ಜುತ್ತಿದ್ದಳು.

"ಬಿಡು ಯವ್ವಾ, ಎಷ್ಟು ತಿಕ್ಕತಿ? ತೊಗಲು ಕಿತ್ತು ಬರ್ತದ," ಎಂದಳು ಶರಣಮ್ಮ, ತಂಬಿಗೆಯಿಂದ ಬಿಸಿನೀರು ಹೊಯ್ಯುತ್ತ.

"ಹಿಂಗ ಕಳಸಲ್ಯಾ ಚಿಗವ್ವ? ಹೊಲಸ ಕೈಲೆ?"

"ಹೊಲಸಲ್ಲ ಅದು."

ಇಪ್ಪತ್ತೇಳು ವರ್ಷದ ಹಿಂದೆ ಶರಣಮ್ಮ ಮತ್ತು ಸುಮಂಗಲಾಳ ತಾಯಿ ಅವ್ವಮ್ಮ ಶಹಾಪುರದ ಕಡೆಯಿಂದ ಒಂದೇ ಲಾರಿಯಲ್ಲಿ ಬಂದು ಪುಣೆಯಲ್ಲಿ ಇಳಿದಿದ್ದರು. ಒಂದೇ ಕಟ್ಟಡಕ್ಕೆ ಇಟ್ಟಂಗಿ ಹೊತ್ತಿದ್ದರು. ಈಗ ಶರಣಮ್ಮನ ಗಂಡ ದೇವಾನಂದ ಲೇಬರ್ ಕಾಂಟ್ರಾಕ್ಟರು. ಅವಳು ಬಂಗಾರದ ಬಳೆಗಳನ್ನು ಮೊಣಕೈ ತನಕ ಏರಿಸಿ, ಗೆಳತಿಯ ಹೆಣಕ್ಕೆ ನೀರು ಹಾಕುತ್ತಿದ್ದಳು.

ಕಾಲು ತೊಳೆಯಲೆಂದು ಸೀರೆ ಸರಿಸಿದಾಗ ಅವಳ ಕೈ ನಿಂತಿತು. ಅವ್ವಮ್ಮನ ಎರಡೂ ಮೊಣಕಾಲ ಚರ್ಮ ಕಪ್ಪಗೆ ದಪ್ಪಗಾಗಿ, ಎತ್ತಿನ ಹೆಗಲಿನಂತೆ ಗಡುಸಾಗಿತ್ತು. ಇಟ್ಟಂಗಿ ಹೊತ್ತವರ ಗುರುತು ನೆತ್ತಿಯ ಮೇಲಿರುತ್ತದೆ. ಶರಣಮ್ಮನ ನೆತ್ತಿಯಲ್ಲಿ ಈಗಲೂ ಒಂದು ರೂಪಾಯಿಯಷ್ಟಗಲ ಕೂದಲಿಲ್ಲ. ಮೊಣಕಾಲು ಹೀಗಾಗುವುದು ದಿನವಿಡೀ ನೆಲಕ್ಕೆ ಊರಿ ಕೂತು ಟೈಲ್ಸ್ ಕೂಡಿಸುವವರಿಗೆ. ಅವ್ವಮ್ಮ ಗಂಡನಿಗೆ ಸಿಮೆಂಟು ಕಲಸಿ ಕೊಡುವ ಹೆಲ್ಪರ್ ಎಂದೇ ಎಲ್ಲರೂ ಬಲ್ಲರು.

"ಇವು ಹೆಲ್ಪರ್ ಮೊಣಕಾಲಲ್ಲ," ಎಂದಳು ಮೆಲ್ಲಗೆ.

ಸುಮಂಗಲಾ ನಾರನ್ನು ಮತ್ತೆ ನೀರಿಗೆ ಅದ್ದಿದಳು.

"ಎಷ್ಟು ವರ್ಷಾತು?"

"ನಾ ಮೂರನೇತ್ತಾ ಓದೂವಾಗಿಂದ."

ಹೊರಗೆ ಪತ್ರಾ ತಗಡಿನ ಕೋಣೆಗಳ ನಡುವಿನ ಓಣಿಯಲ್ಲಿ ತಾಡಪತ್ರಿ ಕಟ್ಟಿದ್ದರು. ನಾಲ್ಕು ದಿನದಿಂದ ಹಿಡಿದಿದ್ದ ಮಳೆ ಆ ಬೆಳಿಗ್ಗೆಯಷ್ಟೇ ತುಸು ಬಿಟ್ಟಿತ್ತು. ಅವ್ವಮ್ಮನ ಗಂಡ ಕಾಶಪ್ಪ ಗೋಡೆಗೆ ಒರಗಿ, ಬಲಗೈಯನ್ನು ಟವೆಲ್ಲಿನ ಕೆಳಗೆ ಮುಚ್ಚಿಕೊಂಡು ಕೂತಿದ್ದ. ಅವನು ಯಾವಾಗಲೂ ಕೂರುವುದೇ ಹಾಗೆ. ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ದೇವಾನಂದ ಬಂದವರೊಡನೆ ಮಾತಾಡುತ್ತಿದ್ದ.

"ಕೊಂಢವಾದಾಗ ಕಾಶಪ್ಪನ ಕೈಗುಣ ಗೊತ್ತಿಲ್ಲದ ಬಿಲ್ಡರ್ ಇಲ್ಲ. ಇವ ಕೂಡಿಸಿದ ಬಾತ್‌ರೂಮಿನ್ಯಾಗ ಒಂದ ಹನಿ ನೀರ ನಿಂದರೂದಿಲ್ಲ. ಪಾಪ, ಅವ್ವಮ್ಮ ಹಗಲೆಲ್ಲಾ ಸಿಮೆಂಟಿನ ಮಾಲ್ ಕಲಸಿ ಕಲಸಿ ಕೊಡ್ತಿದ್ದಳು. ಒಳ್ಳೆ ಹೆಲ್ಪರ್ ಇದ್ದಳು."

ಆಮೇಲೆ ಕಾಶಪ್ಪನ ಕಡೆ ಬಾಗಿ ದನಿ ತಗ್ಗಿಸಿದ. "ದಿನ ಮುಗಿಸ್ಕೊಂಡು ಬಾ. ಉಂಡ್ರಿಯೊಳಗ ಒಂದು ಟಾವರ್ ಅದ, ಎಪ್ಪತ್ತು ಬಾತ್‌ರೂಮು. ಮಿಸ್ತ್ರಿ ಕಾಶಪ್ಪನೇ ಅಂತ ಹೇಳೀನಿ. ಹೆಲ್ಪರ್ ಬ್ಯಾರೆ ನೋಡ್ಕೋ. ಸುಮಂಗಲಾನ್ನ ಇನ್ನ ಸೈಟಿಗೆ ಕರಕೊಂಡ ಬರಬ್ಯಾಡ, ಛಂದ ಕಾಣೂದಿಲ್ಲ. ವಯಸ್ಸ ಮೀರ್ತದ, ಮದಿವಿ ಮಾಡು."

"ಹೂಂ," ಎಂದ ಕಾಶಪ್ಪ.

ತಗಡಿನ ಗೋಡೆಯಾಚೆ ಆ 'ಹೂಂ' ಸುಮಂಗಲಾಗೆ ಕೇಳಿಸಿತು. ಅವಳು ತಾಯಿಯ ಕೈಯನ್ನು ಒರೆಸಿ, ಹೊಸ ಸೀರೆಯ ಸೆರಗಿನೊಳಗೆ ಇಟ್ಟಳು.

*

ಕೈಗುಣ ಅನ್ನುವುದು ಕಾಶಪ್ಪನಿಗೆ ಇತ್ತು, ಅದು ಸುಳ್ಳಲ್ಲ. ಟೈಲ್ಸಿನ ಮೇಲೆ ಬೆರಳಿನಿಂದ ಒಮ್ಮೆ ಕುಟ್ಟಿದರೆ ಕೆಳಗೆ ಎಲ್ಲಿ ಪೊಳ್ಳಿದೆ ಎಂದು ಹೇಳುತ್ತಿದ್ದ. ನೆಲಕ್ಕೆ ಇಳಿಜಾರಿನ ಢಾಳ ಕೊಟ್ಟರೆ ನೀರು ತಾನೇ ದಾರಿ ಕೇಳಿಕೊಂಡು ಮೋರಿಗೆ ಹೋಗುತ್ತಿತ್ತು.

ಹದಿನೇಳು ವರ್ಷದ ಹಿಂದೆ ಎರಡನೆಯ ಮಾಳಿಗೆಯ ಸಾರುವೆಯಿಂದ ಬಿದ್ದ. ಜೀವ ಉಳಿಯಿತು. ಬಲಗೈಯ ಹೆಬ್ಬೆರಳು ಮತ್ತು ಎರಡು ಬೆರಳು ನೋಡಲಿಕ್ಕೆ ಸರಿಯಾಗಿಯೇ ಕೂಡಿದವು, ಆದರೆ ಏನನ್ನೂ ಹಿಡಿಯಲಿಲ್ಲ. ಅನ್ನದ ತುತ್ತು ಸಹ ಜಾರುತ್ತಿತ್ತು. ಆಗ ಅವನು ಒಪ್ಪಿಕೊಂಡಿದ್ದ ಮೂರು ಬಾತ್‌ರೂಮುಗಳ ಕೆಲಸ ಬಾಕಿ ಇತ್ತು.

ಅವ್ವಮ್ಮ ಅವನನ್ನು ಕರೆದುಕೊಂಡು ಹೋಗಿ, ಬಾತ್‌ರೂಮಿನ ಬಾಗಿಲು ಒಳಗಿನಿಂದ ಹಾಕಿದಳು. ಬಕೆಟ್ಟು ಬೋರಲು ಹಾಕಿ ಅವನನ್ನು ಕೂರಿಸಿದಳು.

"ನೀ ಹೇಳು, ನಾ ಮಾಡ್ತೀನಿ."

"ಹುಚ್ಚಿ ಅದೀಯೇನು? ಹೆಂಗಸರ ಕೆಲಸ ಅಲ್ಲ ಇದು."

"ನೆಲಕ್ಕೇನ ಗೊತ್ತಾಗ್ತದ, ಹೆಂಗಸೋ ಗಂಡಸೋ?"

ಮೊದಲ ದಿನ ಕೂಡಿಸಿದ ಹನ್ನೊಂದು ಟೈಲ್ಸನ್ನು ಸಂಜೆ ತಾನೇ ಕಿತ್ತಳು. ಮರುದಿನ ನಾಲ್ಕು ಕಿತ್ತಳು. ಕಾಶಪ್ಪ ಬೈಯುತ್ತ, ಬೈದದ್ದಕ್ಕೆ ನಾಚುತ್ತ, ಕಲಿಸಿದ. ವರ್ಷ ತುಂಬುವುದರೊಳಗೆ ಅವನಿಗೆ ಹೇಳಲಿಕ್ಕೆ ಏನೂ ಉಳಿಯಲಿಲ್ಲ. ಬಕೆಟ್ಟಿನ ಮೇಲೆ ಸುಮ್ಮನೆ ಕೂತು ಅವಳ ಕೈ ನೋಡುತ್ತಿದ್ದ. ತನಗಿಂತ ಸಣ್ಣ ಕೈ. ತನಗಿಂತ ತಾಳ್ಮೆಯ ಕೈ. ಸೂಪರ್‌ವೈಜರನ ಬೂಟಿನ ಸಪ್ಪಳ ಕೇಳಿದರೆ ಅವಳು ಸಿಮೆಂಟು ಬಳಿಯುವ ಕರಣಿಯನ್ನು ಅವನ ಮಡಿಲಿಗೆ ಹಾಕಿ, ತಾನು ಸಿಮೆಂಟು ಕಲಸುತ್ತ ನಿಲ್ಲುತ್ತಿದ್ದಳು.

ಒಮ್ಮೆ ಕೇಳಿದ್ದಳು: "ದೇವಾನಂದಗ ಹೇಳೂಣೇನು?"

"ಹೇಳಿದ್ರ ಕೆಲಸ ಮಿಸ್ತ್ರೀದು ತಗೋತಾರ, ಕೂಲಿ ಹೆಂಗಸಿಂದು ಕೊಡ್ತಾರ."

ಅದು ನಿಜವೇ ಆಗಿತ್ತು. ಅದಷ್ಟೇ ಕಾರಣವಲ್ಲ ಎಂಬುದೂ ಇಬ್ಬರಿಗೂ ಗೊತ್ತಿತ್ತು. ಅವ್ವಮ್ಮ ಮತ್ತೆಂದೂ ಆ ಮಾತು ತೆಗೆಯಲಿಲ್ಲ.

ಬಾಗಿಲು ಹಾಕಿದ ಸಣ್ಣ ಕೋಣೆಯಲ್ಲಿ ಟೈಲ್ಸ್ ಕತ್ತರಿಸುವ ಮಷೀನಿನ ಧೂಳು ಹೊರಗೆ ಹೋಗುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಕೆಮ್ಮು ಹತ್ತಿತು. ಅಲ್ಲಿಂದ ಮುಂದೆ ಸುಮಂಗಲಾ ಕೆಲಸಕ್ಕೆ ಕೂತಳು, ಅವ್ವಮ್ಮ ಬಕೆಟ್ಟಿನ ಪಕ್ಕ ಇನ್ನೊಂದು ಬಕೆಟ್ಟು ಹಾಕಿಕೊಂಡು ಕಲಿಸಿದಳು. ಟೈಲ್ಸಿನ ಸಂದಿಗೆ ಬಿಳಿ ಸಿಮೆಂಟು ತುಂಬುವುದನ್ನು ಮಾತ್ರ ಆಸ್ಪತ್ರೆ ಸೇರುವ ತನಕ ತಾನೇ ಮಾಡಿದಳು. ಕೊನೆಯ ತಿಂಗಳು ಆಸ್ಪತ್ರೆಯಲ್ಲಿ ಡಾಕ್ಟರು ಎಕ್ಸ್‌ರೇ ಹಿಡಿದು ಮರಾಠಿಯಲ್ಲಿ ಕೇಳಿದರು, "ಈಕೆ ಏನು ಕೆಲಸ ಮಾಡುತ್ತಿದ್ದಳು? ಎದೆ ತುಂಬ ಕಲ್ಲಿನ ಧೂಳಿದೆ."

"ಹೆಲ್ಪರ್," ಎಂದ ಕಾಶಪ್ಪ.

ಡಾಕ್ಟರು ಅವ್ವಮ್ಮನ ಕಡೆ ತಿರುಗಿದರು. ಅವಳು ಆಕ್ಸಿಜನ್ ಮಾಸ್ಕಿನ ಒಳಗಿನಿಂದ ಹೌದೆಂದು ತಲೆ ಆಡಿಸಿದಳು.

*

ಹನ್ನೊಂದು ಗಂಟೆಗೆ ಓಣಿಯ ಬಾಯಲ್ಲಿ ಒಂದು ಬಿಳಿ ಕಾರು ಬಂದು ನಿಂತಿತು. ಇಳಿದವಳು ಇಂದೂ. ಸಾಲುಂಕೆ ವಿಹಾರದ ಕಡೆ ದೊಡ್ಡ ಫ್ಲ್ಯಾಟಿನಲ್ಲಿರುವ ಧಾರವಾಡದ ಹೆಣ್ಣುಮಗಳು. ಗಂಡ ಶ್ಯಾಮನಿಗೆ ಶಿರೂರಿನ ದಾರಿಯಲ್ಲಿ ಸ್ವಂತ ಕಾರ್ಖಾನೆ. ಅವಳನ್ನು ಕಂಡದ್ದೇ ಅಳುತ್ತಿದ್ದ ಹೆಂಗಸರು ದನಿ ಇಳಿಸಿದರು. ದೇವಾನಂದ ತಾನು ಕೂತಿದ್ದ ಕುರ್ಚಿಯನ್ನು ಟವೆಲ್ಲಿನಿಂದ ಒರೆಸಿ ಮುಂದಿಟ್ಟ.

"ಕೂಡ್ರಿ ಮೇಡಂ. ಯಾರರ ನೀರಿನ ಬಾಟ್ಲಿ ತರ್ರಿ, ಸೀಲ್ ಇದ್ದದ್ದು."

"ಏನೂ ಬ್ಯಾಡ್ರಿ," ಎಂದಳು ಇಂದೂ. ಕುರ್ಚಿಯ ತುದಿಗೆ ಕೂತಳು. ಆಮೇಲೆ ಹೊರಗೆ ತಂದಿಟ್ಟ ಹೆಣದ ಕಡೆ ತಿರುಗಿದಳು.

*

ಎಂಟು ವರ್ಷದ ಹಿಂದೆ ಇಂದೂ ತನ್ನ ಮನೆಯ ಬಾತ್‌ರೂಮು ಹೊಸದು ಮಾಡಿಸಿದ್ದಳು. ಮೂರನೆಯ ದಿನ, ಕೆಲಸದವರಿಗೆಂದೇ ಬೇರೆ ಇಟ್ಟಿದ್ದ ಸ್ಟೀಲ್ ಲೋಟಗಳಲ್ಲಿ ಚಹಾ ಹಿಡಿದು ಬಾಗಿಲು ತಳ್ಳಿದಳು. ಚಿಲಕ ಸರಿಯಾಗಿ ಬಿದ್ದಿರಲಿಲ್ಲ. ಮಿಸ್ತ್ರಿ ಬಕೆಟ್ಟಿನ ಮೇಲೆ ಕೂತಿದ್ದ. ಹೆಲ್ಪರ್ ಹೆಂಗಸು ಮೊಣಕಾಲೂರಿ, ಒಂದು ಕಣ್ಣು ಮುಚ್ಚಿ, ಟೈಲ್ಸಿನ ಅಂಚನ್ನು ದಾರಕ್ಕೆ ಸರಿಹೊಂದಿಸುತ್ತಿದ್ದಳು.

ಮರುದಿನ ಕಾಶಪ್ಪ ಸಾಮಾನು ತರಲು ಹೋದಾಗ ಅವ್ವಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ಅಕ್ಕಾರ, ನಿನ್ನೆ ನೋಡಿದ್ದು ಹೊಟ್ಟಿಯೊಳಗ ಇಟ್ಕೋರಿ. ಅವರ ಹೆಸರು ಕೆಡ್ತದ."

"ಅವನ ಹೆಸರಲ್ಲ, ನಿನ್ನ ಹೆಸರು ಅದು. ಯಾಕ ಮುಚ್ಚಿಡ್ತಿ? ನಿನ್ನ ಜಾಗಾದಾಗ ನಾ ಇದ್ದಿದ್ರ—" ಇಂದೂ ಆವೇಶದಿಂದಲೇ ಶುರು ಮಾಡಿದ್ದಳು.

"ನೀವೇನ ಕೆಲಸ ಮಾಡ್ತೀರಿ ಅಕ್ಕಾರ?"

"ಮೊದಲ ಧಾರವಾಡದಾಗ ಕಾಲೇಜಿನೊಳಗ ಕೆಮಿಸ್ಟ್ರಿ ಕಲಸ್ತಿದ್ದೆ. ಮದುವಿ ಆದಮ್ಯಾಲ ಬಿಟ್ಟೆ."

"ಯಾಕ್ರಿ?"

"ನಮ್ಮ ಮನ್ಯಾಗ ಅವಶ್ಯಕತಾ ಇರಲಿಲ್ಲ."

"ಯಾರಿಗಿರಲಿಲ್ರಿ?"

ಅದರಲ್ಲಿ ಚುಚ್ಚು ಇರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ್ದಳು. ಇಂದೂ ಒಲೆಯ ಮೇಲಿನ ಹಾಲಿನ ಕಡೆ ತಿರುಗಿದಳು. ಅವ್ವಮ್ಮ ಕೆಲಸಕ್ಕೆ ವಾಪಸು ಹೋದಳು.

ಅಂದಿನಿಂದ ಲೋಟ ಬೇರೆ ಇಡುವುದನ್ನು ಇಂದೂ ಬಿಟ್ಟಳು. ಯಾಕೆಂದು ಯಾರಿಗೂ ಹೇಳಲಿಲ್ಲ. ಮುಂದೆ ಆ ಕಡೆ ಕೆಲಸ ಬಿದ್ದಾಗಲೆಲ್ಲ ಅವ್ವಮ್ಮ ಬಂದು ಚಹಾ ಕುಡಿದು ಹೋಗುತ್ತಿದ್ದಳು. ದಿನವಿಡೀ ಮರಾಠಿ ಹಿಂದಿಗಳಲ್ಲಿ ತಡಕಾಡಿದ ನಾಲಗೆಗೆ ಅದೊಂದು ಅರ್ಧ ತಾಸು ಬಿಡುವು. ಎರಡು ತಿಂಗಳಿಂದ ಬಂದಿರಲಿಲ್ಲ. ಈ ಬೆಳಿಗ್ಗೆ ಸುಮಂಗಲಾ ಫೋನು ಮಾಡಿದ್ದಳು. ಇಂದೂ ಮನೆಯಲ್ಲಿ ಯಾರಿಗೂ ಹೇಳದೆ ಕಾರಿನ ಚಾವಿ ತೆಗೆದುಕೊಂಡು ಹೊರಟಿದ್ದಳು.

*

ಹೆಣ ಎತ್ತುವ ಹೊತ್ತಾಯಿತು. ದೇವಾನಂದ ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಹೇಳಿದ:

"ಹೆಣ್ಮಕ್ಕಳು ಓಣಿ ತುದೀತನಾ ಬರ್ರಿ, ಸಾಕು. ಸ್ಮಶಾನಕ್ಕ ಗಂಡಸರು ಹೋಗಿ ಬರ್ತೀವಿ."

"ಊರಾಗ ನಾವೂ ಹೋಗ್ತಿದ್ವೆಲ್ಲಾ," ಎಂದಳು ಶರಣಮ್ಮ. "ನಿಮ್ಮವ್ವ ಸತ್ತಾಗ ಕುಣಿಗೆ ನಾನೂ ಮಣ್ಣ ಹಾಕೀನಿ."

"ಅದು ಆವಾಗ. ಆವಾಗ ಏನಿದ್ವಿ, ಈಗ ಏನದೀವಿ? ಮರ್ಯಾದಸ್ಥರ ಮನಿ ಹೆಣ್ಮಕ್ಕಳು ಸ್ಮಶಾನಕ್ಕ ಬರೂದಿಲ್ಲ."

ಓಣಿಯಲ್ಲಿ ಯಾರೂ ಎದುರಾಡಲಿಲ್ಲ. ಅರ್ಧ ಓಣಿ ದೇವಾನಂದನ ಕೈಕೆಳಗೆ ದುಡಿಯುತ್ತಿತ್ತು. ಅವನ ಮನೆಯ ರೀತಿ ನಿಧಾನವಾಗಿ ಎಲ್ಲರ ರೀತಿಯೂ ಆಗುತ್ತಿತ್ತು. ಮೊದಲ ಟೆಂಪೊ ಕೊಂಡ ವರ್ಷ ಅವನು ಶರಣಮ್ಮನನ್ನು ಕೆಲಸ ಬಿಡಿಸಿದ್ದ. ಫ್ಲ್ಯಾಟು ಕೊಂಡ ವರ್ಷ ಸಂತೆಗೆ ಹೋಗುವುದನ್ನು ಬಿಡಿಸಿದ. ಆಗೆಲ್ಲ ಶರಣಮ್ಮ ಹಿಗ್ಗಿದ್ದಳು. ತನ್ನ ಗಂಡನಂತೆ ಯಾರು ನೋಡಿಕೊಳ್ಳುತ್ತಾರೆ ಎಂದು ಅವ್ವಮ್ಮನ ಮುಂದೆಯೇ ಹೇಳಿದ್ದಳು.

ಇಂದೂ ಕುರ್ಚಿಯಿಂದ ಎದ್ದಳು. "ನಾ ಬರಬಹುದೇನ್ರಿ? ಗೇಟಿನ ಹೊರಗ ನಿಂದರ್ತೀನಿ."

"ಅಯ್ಯ ಮೇಡಂ, ಹೊರಗ ಯಾಕ ನಿಂದರ್ತೀರಿ? ಒಳಗ ಬರ್ರಿ," ಎಂದ ದೇವಾನಂದ. "ನಿಮ್ಮಂಥಾವರು ಬಂದದ್ದು ಅವ್ವಮ್ಮನ ಪುಣ್ಯ. ಗಾಡಿ ಒಳಗಿನತನಾ ಹೋಗ್ತದ."

ಸುಮಂಗಲಾ ಬಾಗಿಲಲ್ಲಿ ನಿಂತಿದ್ದಳು. "ಕಾಕಾ, ಮೇಡಂ ಹೆಣ್ಮಗಳಲ್ಲೇನು?"

ದೇವಾನಂದನಿಗೆ ಸಿಟ್ಟು ಬರಲಿಲ್ಲ. ಇಷ್ಟು ಸರಳ ಸಂಗತಿ ಈ ಹುಡುಗಿಗೆ ಹೇಗೆ ತಿಳಿಯಲಿಲ್ಲ ಎಂಬಂತೆ ನೋಡಿದ.

"ಅವರು ದೊಡ್ಡ ಮಂದಿ ಯವ್ವಾ. ಅವರ ಮಾತು ಬ್ಯಾರೆ."

ಶರಣಮ್ಮನಿಗೆ ನಗು ಬಂತು. ಸತ್ತ ಮನೆಯಲ್ಲಿ ತಡೆಯಲಾರದೆ ಒಮ್ಮೆ ನಕ್ಕೇಬಿಟ್ಟಳು.

"ಕೂಲಿಗೆ ಹೋಗೂವಾಗ ನಾನೂ ಸ್ಮಶಾನಕ್ಕ ಹೋಗ್ತಿದ್ದೆ. ಇನ್ನ ಮೇಡಂ ಅವರಷ್ಟು ಸಾವಕಾರ್ತಿ ಆದಮ್ಯಾಲ ಹೋಗ್ತೀನಿ ಅಂತ ಕಾಣ್ತದ. ನಡುವ ಸಿಕ್ಕೊಂಡೀನಿ ನೋಡ್ರಿ."

ಇಂದೂಳ ಮುಖ ಕೆಂಪಾಯಿತು. ಅವಳು ಓಣಿಯ ಬಾಯಿಗೆ ನಡೆದು ಹೋಗಿ ಕಾರಿನ ಹಿಂದಿನ ಬಾಗಿಲು ತೆಗೆದಳು, ಮುಂದಿನದನ್ನೂ ತೆಗೆದಳು.

"ಬಾರವಾ ಸುಮಂಗಲಾ."

ಸುಮಂಗಲಾ ಮುಂದೆ ಕೂತಳು. ಶರಣಮ್ಮ ಗಂಡನ ಮುಖ ನೋಡದೆ ಹಿಂದೆ ಹತ್ತಿದಳು. ಅವಳನ್ನು ನೋಡಿ ಇನ್ನಿಬ್ಬರು ಹೆಂಗಸರು ಹತ್ತಿದರು.

ಸ್ಮಶಾನ ಗುಡ್ಡದ ಬದಿಯಲ್ಲಿತ್ತು. ಕಾವಲಿನವನು ಕಾರು ಕಂಡು ಎರಡೂ ಗೇಟು ತೆರೆದ. "ಗಾಡಿ ಆತ ಘ್ಯಾ ಮ್ಯಾಡಮ್," ಎಂದು ಗಾಡಿ ಒಳಗೆ ತರಲು ದಾರಿ ಬಿಟ್ಟ. ಒಳಗೆ ಕೂತವರು ಯಾರೆಂದು ಅವನು ನೋಡಲಿಲ್ಲ.

ಕುಣಿಯ ಹತ್ತಿರ ಗಂಡಸರು ಗುಂಪುಗೂಡಿ ನಿಂತಿದ್ದರು. ನಾಲ್ಕು ದಿನದ ಮಳೆಗೆ ನೆಲ ನೆನೆದು, ತೋಡಿದ ಕುಣಿಯ ಒಂದು ಬದಿ ಕುಸಿದಿತ್ತು. ತೋಡಿದವರು ಮಣ್ಣು ಎತ್ತಿಹಾಕಿದಷ್ಟೂ ಮತ್ತೆ ಜಾರುತ್ತಿತ್ತು. ಹೀಗೆಯೇ ಇಳಿಸಿದರೆ ಹೆಣ ಸರಿಯಾಗಿ ಕೂರುವ ಮೊದಲೇ ಕೆಸರು ಮುಖದ ಮೇಲೆ ಬೀಳುವುದು ಖಂಡಿತವಾಗಿತ್ತು. ಪಕ್ಕದಲ್ಲಿ ಯಾರದೋ ಸಮಾಧಿಗೆ ತಂದ ಇಟ್ಟಂಗಿ, ಉಸುಕು, ಅರ್ಧ ಚೀಲ ಸಿಮೆಂಟು ತಾಡಪತ್ರಿಯ ಕೆಳಗಿದ್ದವು. ಆಮೇಲೆ ತಂದಿಟ್ಟರಾಯಿತು ಎಂದು ಕಾವಲಿನವನು ಒಪ್ಪಿದ.

"ಆ ಬದಿಗೆ ಒಂದು ಗ್ವಾಡಿ ಎಬ್ಬಿಸಿದ್ರ ಆತು. ಒಂದು ತಾಸಿನ ಕೆಲಸ," ಎಂದ ದೇವಾನಂದ. ಮುಗಿಲು ಮತ್ತೆ ಕಪ್ಪಾಗುತ್ತಿತ್ತು. "ಕಾಶಪ್ಪಾ, ಇಳಿ. ನಿನ್ನ ಕೈಲೇ ಆಗಲಿ. ಆಕಿಗೂ ಸಮಾಧಾನ."

ಯಾರೋ ಕರಣಿ ಕೊಟ್ಟರು. ಕಾಶಪ್ಪ ಬಲಗೈ ಮೇಲಿನ ಟವೆಲ್ ತೆಗೆದು ಹಿಡಿಯಲು ನೋಡಿದ. ಕರಣಿ ಕೆಳಗೆ ಬಿತ್ತು. ಬಗ್ಗಿ ಎತ್ತಿಕೊಂಡ. ಮತ್ತೆ ಬಿತ್ತು.

"ದುಃಖದಾಗ ಅದಾನ, ಬಿಡ್ರೋ," ಎಂದರು ಒಬ್ಬ ಮುದುಕರು. "ಬ್ಯಾರೆ ಯಾರನ್ನರ ಕರೀರಿ."

ಆ ಮಾತಿನ ಹಿಂದೆ ಅವನು ಅಡಗಬಹುದಿತ್ತು. ಹದಿನೇಳು ವರ್ಷ ಒಂದಲ್ಲ ಒಂದು ಮಾತಿನ ಹಿಂದೆ ಅಡಗಿದ್ದ. ಚಟ್ಟದ ಕಡೆ ನೋಡಿದ. ಅವ್ವಮ್ಮನ ಮುಖ ಎಂದಿನಂತೆಯೇ ಇತ್ತು. ಅವನು ಏನು ಹೇಳಿದರೂ ಹೌದೆನ್ನುವ ಮುಖ.

"ದುಃಖಕ್ಕಲ್ರಿ," ಎಂದ. "ಈ ಕೈ ಹಿಡಿಯೂದಿಲ್ಲ. ಸಾರುವಿ ಮ್ಯಾಲಿಂದ ಬಿದ್ದಾಗಿಂದ ಹಿಡಿದಿಲ್ಲ."

"ಮತ್ತ ಇಷ್ಟು ವರ್ಷದ ಬಾತ್‌ರೂಮು?" ಎಂದ ದೇವಾನಂದ.

"ಆಕಿ." ಕಾಶಪ್ಪ ಚಟ್ಟದ ಕಡೆ ಎಡಗೈ ತೋರಿಸಿದ. "ಎಲ್ಲಾ ಆಕೀದು. ಮಿಸ್ತ್ರಿ ಆಕಿ ಇದ್ದಳು. ನಾ ಬಕೀಟಿನ ಮ್ಯಾಲ ಕೂಡ್ತಿದ್ದೆ. ಬಾಗಲಾ ಹಾಕ್ಕೊಂಡು ಧೂಳಿನ್ಯಾಗ ಆಕಿ—" ಕಾರಿನ ಹತ್ತಿರ ನಿಂತ ಮಗಳತ್ತ ತಿರುಗಿದ. "ಎರಡು ವರ್ಷದಿಂದ ಈಕಿ ಮಾಡ್ತಾಳ."

ದೇವಾನಂದನ ಮುಖದಲ್ಲಿ ಮೊದಲು ಕಂಡದ್ದು ನೋವು. "ನನ್ನ ಮುಂದೂ ಹೇಳಲಿಲ್ಲಲ್ಲೋ," ಎಂದ.

"ಹೇಳಿದ್ರ ಏನ ಮಾಡ್ತಿದ್ರಿ?" ಎಂದಳು ಶರಣಮ್ಮ, ಹಿಂದಿನಿಂದ.

ಉತ್ತರ ಅವನಿಗೆ ಗೊತ್ತಿತ್ತು.

"ಆದ್ರೂ ಹೆಣ್ಣ ಹುಡುಗಿ ಕುಣಿಗೆ ಇಳಿಯೂದಂದ್ರ..." ಎಂದು ಮುದುಕರು ಶುರು ಮಾಡುವಷ್ಟರಲ್ಲಿ ದಪ್ಪ ಹನಿಗಳು ಬಿದ್ದವು. ಸುಮಂಗಲಾ ಓಢಣಿಯನ್ನು ಸೊಂಟಕ್ಕೆ ಬಿಗಿದು, ಕುಣಿಯ ಅಂಚಿಗೆ ಕೂತು, ಒಳಗೆ ಜಾರಿ ಇಳಿದಾಗಿತ್ತು.

"ಯಪ್ಪಾ, ಕರಣಿ ಕೊಡು."

ಕಾಶಪ್ಪ ಎಡಗೈಯಿಂದ ಕೊಟ್ಟ. ಆಮೇಲೆ ಅಂಚಿನಲ್ಲಿ ಮೊಣಕಾಲೂರಿ, ನೇರ ನೋಡುವ ದಾರದ ಒಂದು ತುದಿಯನ್ನು ಎಡ ಮುಂಗೈಗೆ ಸುತ್ತಿಕೊಂಡು ಜಗ್ಗಿ ಹಿಡಿದ. ಇಬ್ಬರು ಗಂಡಸರು ಸಿಮೆಂಟು ಕಲಸಲು ಕೂತರು. ಶರಣಮ್ಮ ಇಟ್ಟಂಗಿ ಎತ್ತಿ ಎತ್ತಿ ಕೆಳಗೆ ಕೊಡತೊಡಗಿದಳು. ಎರಡೆರಡು, ಬೆರಳು ಸಿಗದಂತೆ ಅಂಚು ಹಿಡಿದು. ಇಪ್ಪತ್ತು ವರ್ಷ ಬಿಟ್ಟಿದ್ದರೂ ಮೈ ಮರೆತಿರಲಿಲ್ಲ. ಇಂದೂ ಛತ್ರಿ ಬಿಚ್ಚಿದಳು. ತನ್ನ ತಲೆಯ ಮೇಲೆ ಹಿಡಿಯಲು ಹೋಗಿ, ಚಟ್ಟದ ಪಕ್ಕ ಕೂತು ಅವ್ವಮ್ಮನ ಮುಖದ ಮೇಲೆ ಹಿಡಿದಳು.

ಇಟ್ಟಂಗಿಯ ಒಂದು ವರಸೆ ಎದ್ದಿತು. ಅದರ ಮೇಲೆ ಇನ್ನೊಂದು. ದೇವಾನಂದ ದೂರ ನಿಂತೇ ನೋಡುತ್ತಿದ್ದ. ನೋಡಬಾರದೆಂದುಕೊಂಡರೂ ಕಸುಬಿನ ಕಣ್ಣು ಬಿಡಲಿಲ್ಲ. ಸಂದಿನ ಮೇಲೆ ಸಂದು ಬಿದ್ದಿರಲಿಲ್ಲ. ಕೆಸರಿನಲ್ಲಿ ನಿಂತು ಕಟ್ಟಿದ ಗೋಡೆ ಎಲ್ಲಿಯೂ ಹೊಟ್ಟೆ ಬಿಟ್ಟಿರಲಿಲ್ಲ. ಹಿಂದಿನಿಂದ ಜಾರಿದ ಮಣ್ಣು ಇಟ್ಟಂಗಿಗೆ ಬಡಿದು ಅಲ್ಲೇ ನಿಂತಿತು. ನಾಲ್ಕನೆಯ ವರಸೆಗೆ ಅವನು ಚಪ್ಪಲಿ ಬಿಟ್ಟು, ಬಿಳಿ ಅಂಗಿಯ ತೋಳು ಮಡಿಸಿ, ಇಟ್ಟಂಗಿಯ ರಾಶಿಯ ಹತ್ತಿರ ಹೋದ. ಮಳೆಯ ಸಪ್ಪಳದಲ್ಲಿ ಕೇಳಲೆಂದು ಗಟ್ಟಿಯಾಗಿ ಕೂಗಿದ, ಸೈಟಿನಲ್ಲಿ ಕೂಗುವ ಹಾಗೆಯೇ:

"ಮಿಸ್ತ್ರೀ, ಇನ್ನ ಎಷ್ಟು ಬೇಕು?"

ರೂಢಿಯ ಬಲದಿಂದ ಕಾಶಪ್ಪನ ತಲೆ ಎದ್ದಿತು. ಅವನು ದಾರ ಸಡಿಲಾಗದಂತೆ ಜಗ್ಗಿ ಹಿಡಿದು, ಮತ್ತೆ ತಲೆ ತಗ್ಗಿಸಿದ.

ಕುಣಿಯೊಳಗಿಂದ ಕೆಸರು ಮೆತ್ತಿದ ಒಂದು ಕೈ ಮೇಲೆ ಬಂತು. ಮಳೆಯಲ್ಲಿ ಎರಡು ಬೆರಳು ತೋರಿಸಿ ಕಾಯುತ್ತ ನಿಂತಿತು.